ಆಟದ ಮಧ್ಯೆ ಕಂಪ್ಯೂಟರ್ ನಿಂತುಹೋದರೆ ಏನು ಮಾಡಬೇಕು?

ಕರಾವಳಿಯ ಅನೇಕ ಕ್ರೈಸ್ತ ಕುಟುಂಬಗಳು ಉದ್ಯೋಗ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಿವೆ. ಕೋಣನಕುಂಟೆ, ಜೆ.ಪಿ. ನಗರ, ಬನಶಂಕರಿ ಮುಂತಾದ ಕಡೆಗಳಲ್ಲಿ ಇಂಥ ಮನೆಗಳಿವೆ. ಹಲವು ಮನೆಗಳಲ್ಲಿ ಒಂದೇ ಕಂಪ್ಯೂಟರ್ ಎಲ್ಲರ ಕೆಲಸಕ್ಕೂ ಬೇಕು. ಹಿರಿಯರ ಕಚೇರಿ ಕೆಲಸ, ಚರ್ಚ್ ಸಂಘದ ಲೆಕ್ಕಪತ್ರ, ಮಕ್ಕಳ ಪಾಠ, ಸಂಜೆಯ ವಿಡಿಯೊ ಗೇಮ್ ಎಲ್ಲವೂ ಅದರಲ್ಲೇ. ಅದು ಆಟದ ಮಧ್ಯೆ ಥಟ್ಟನೆ ನಿಂತುಹೋದಾಗ "ಗೇಮ್ ಆಡಿ ಕಂಪ್ಯೂಟರ್ ಹಾಳು ಮಾಡಿದೆ" ಎಂದು ಮಕ್ಕಳಿಗೆ ಬೈಗುಳ ಬೀಳುತ್ತದೆ. ಇಲ್ಲವೇ ಅವಸರದಲ್ಲಿ ದುಬಾರಿ ಭಾಗವೊಂದನ್ನು ಬದಲಾಯಿಸಲಾಗುತ್ತದೆ. ಎರಡೂ ಬೇಡ.

ಪತ್ರ ಟೈಪ್ ಮಾಡುವಾಗ ಕಂಪ್ಯೂಟರ್‌ಗೆ ಹೆಚ್ಚಿನ ಶ್ರಮವಿಲ್ಲ. ಆದರೆ ಆಟ ನಡೆಯುವಾಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮೆಮೊರಿ, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಎಲ್ಲವೂ ಒಟ್ಟಿಗೆ ಪೂರ್ಣ ಶಕ್ತಿಯಿಂದ ದುಡಿಯಬೇಕಾಗುತ್ತದೆ. ಆದುದರಿಂದ ಹೆಚ್ಚಿನ ಸಂದರ್ಭಗಳಲ್ಲಿ ಆಟವು ದೋಷವನ್ನು ಉಂಟುಮಾಡುವುದಿಲ್ಲ, ಮೊದಲೇ ಇದ್ದ ದೋಷವನ್ನು ತೋರಿಸಿಕೊಡುತ್ತದೆ. ಆಟ ನಿಲ್ಲಿಸಿದ ಮಾತ್ರಕ್ಕೆ ಆ ದೋಷ ಹೋಗದು. ನಾಳೆ ಹಬ್ಬದ ವಿಡಿಯೊ ಎಡಿಟ್ ಮಾಡುವಾಗಲೋ, ಬಲಿಪೂಜೆಯ ನೇರ ಪ್ರಸಾರದ ಮಧ್ಯೆಯೋ ಅದೇ ಯಂತ್ರ ಕೈಕೊಡಬಹುದು.

ಮೊದಲ ಎರಡು ಕೆಲಸ

ಯಾವ ಪರೀಕ್ಷೆಗೂ ಮೊದಲು ಮುಖ್ಯ ಕಡತಗಳನ್ನೆಲ್ಲ ಪೆನ್ ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಯಂತ್ರ ಏಕಾಏಕಿ ಆಫ್ ಆದಾಗ ಆ ಕ್ಷಣದಲ್ಲಿ ತೆರೆದಿದ್ದ ಕಡತ ಕೆಟ್ಟುಹೋಗುವ ಸಾಧ್ಯತೆ ಇದೆ. ಭಾಗಗಳನ್ನು ಹೊಸದಾಗಿ ಕೊಳ್ಳಬಹುದು, ಹತ್ತು ವರ್ಷದ ಲೆಕ್ಕಪತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಎರಡನೆಯದಾಗಿ, ಆಡುತ್ತಿದ್ದ ಮಗುವನ್ನು ಗದರಿಸದೆ ಕೇಳಿ. ಎಷ್ಟು ನಿಮಿಷದ ನಂತರ ನಿಂತಿತು? ಎಲ್ಲ ಆಟಗಳಲ್ಲೂ ಹೀಗಾಗುತ್ತದೆಯೇ, ಒಂದರಲ್ಲಿ ಮಾತ್ರವೇ? ಪರದೆಯ ಮೇಲೆ ಏನು ಕಾಣಿಸಿತು? ಈ ಸಾಕ್ಷ್ಯ ಇರುವುದು ಆ ಮಗುವಿನ ಬಳಿ ಮಾತ್ರ. ಬೈಗುಳಕ್ಕೆ ಹೆದರಿದ ಮಗು ಅದನ್ನು ಹೇಳದು.

ನಿಂತ ಬಗೆಯಲ್ಲೇ ಸುಳಿವು

ಆಟ ಮಾತ್ರ ಮುಚ್ಚಿಹೋಗಿ ವಿಂಡೋಸ್ ಸರಿಯಾಗಿಯೇ ಇದ್ದರೆ ಮೊದಲು ತಂತ್ರಾಂಶವನ್ನು ಶಂಕಿಸಿ. ಸ್ಟೀಮ್‌ನಂಥ ವ್ಯವಸ್ಥೆಗಳಲ್ಲಿ ಆಟದ ಕಡತಗಳು ಸರಿಯಿವೆಯೇ ಎಂದು ತಾಳೆ ನೋಡುವ ಸೌಲಭ್ಯವಿದೆ, ಬಳಸಿ. ನಂತರ ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಸುಮಾರು 2 ಸೆಕೆಂಡು ಉತ್ತರಿಸದಿದ್ದರೆ ವಿಂಡೋಸ್ ಅದರ ಡ್ರೈವರನ್ನು ತಾನಾಗಿ ಪುನಃ ಆರಂಭಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಆಟ ಮುಚ್ಚಿಹೋಗಲು ಇದೂ ಒಂದು ಕಾರಣ. ಕದ್ದ ಪ್ರತಿಯ ಆಟವಾದರೆ ಅದನ್ನು ತೆಗೆದುಹಾಕಿ. ಅದು ವೈರಸ್ ಬರುವ ದಾರಿ, ಪರರ ದುಡಿಮೆಯ ಕಳವು ಕೂಡ.

ನೀಲಿ ಪರದೆ ಬಂದರೆ ಅದರಲ್ಲಿರುವ ಸಂಕೇತವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಇದಕ್ಕೆ ಡ್ರೈವರ್ ಅಥವಾ ಮೆಮೊರಿ ಕಾರಣವಾಗಿರುವುದು ಹೆಚ್ಚು. ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್' ಹುಡುಕಿ ಪರೀಕ್ಷೆ ನಡೆಸಿ. ಎರಡು ರ‍್ಯಾಮ್ ಇದ್ದರೆ, ಯಂತ್ರ ಆಫ್ ಮಾಡಿ ವೈರ್ ಕಿತ್ತ ಮೇಲೆ, ಒಂದನ್ನು ತೆಗೆದು ಇನ್ನೊಂದರಲ್ಲಿ ಮಾತ್ರ ಆಡಿ ನೋಡಿ. ಮಳೆಗಾಲದ ತೇವ ಮತ್ತು ಉಪ್ಪುಗಾಳಿ ಇರುವ ನಮ್ಮ ಕರಾವಳಿಯಲ್ಲಿ ರ‍್ಯಾಮ್‌ನ ಸಂಪರ್ಕ ಪಟ್ಟಿಗಳು ಮಸುಕಾಗುವುದುಂಟು. ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಕರೆಂಟ್ ಹೋದಂತೆ ಇಡೀ ಯಂತ್ರವೇ ಆಫ್ ಆದರೆ ಬಿಸಿ ಅಥವಾ ವಿದ್ಯುತ್ ಕಾರಣವಿರಬಹುದು. ಹತ್ತಿಪ್ಪತ್ತು ನಿಮಿಷದ ನಂತರ ನಿಂತು, ಮತ್ತೆ ಹಾಕಿದರೆ ಇನ್ನೂ ಬೇಗ ನಿಂತರೆ ಬಿಸಿಯನ್ನು ಶಂಕಿಸಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ಕಾಣಿಸುತ್ತದೆ. ಆಟದ ಸಮಯದಲ್ಲಿ 80 ಡಿಗ್ರಿಯ ಆಸುಪಾಸು ಸಾಮಾನ್ಯ. ಅದಕ್ಕಿಂತ ಬಹಳ ಮೇಲೇರುತ್ತಿದ್ದರೆ ಧೂಳು ತೆಗೆಯಬೇಕು. ವೈರ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್ ಹಾಯಿಸಿ. ಲ್ಯಾಪ್‌ಟಾಪ್ ಆದರೆ ಹಾಸಿಗೆಯ ಮೇಲಿಟ್ಟು ಆಡಲೇಬಾರದು.

ಆಟದಲ್ಲಿ ಭಾರೀ ದೃಶ್ಯ ಬಂದ ಕ್ಷಣದಲ್ಲೇ ಆಫ್ ಆದರೆ ವಿದ್ಯುತ್ತನ್ನು ಶಂಕಿಸಿ. ಹಲವು ಮನೆಗಳಲ್ಲಿ 600 ವಿಎ ಯುಪಿಎಸ್ ಇರುತ್ತದೆ. ಅದು ಸಾಮಾನ್ಯವಾಗಿ ಹೊರುವುದು ಸುಮಾರು 360 ವ್ಯಾಟ್ ಮಾತ್ರ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಆಟದ ವೇಳೆ ಅದಕ್ಕಿಂತ ಹೆಚ್ಚು ಎಳೆಯಬಲ್ಲದು. ಒಮ್ಮೆ ಯುಪಿಎಸ್ ಬಿಟ್ಟು, ಅರ್ತಿಂಗ್ ಸರಿಯಿರುವ ಗೋಡೆಯ ಪ್ಲಗ್ಗಿಗೆ ನೇರವಾಗಿ ಹಾಕಿ ನೋಡಿ. ಆಗಲೂ ನಿಂತರೆ ಎಸ್‌ಎಂಪಿಎಸ್ ಸಾಲದೆ ಇರಬಹುದು ಅಥವಾ ಹಳತಾಗಿರಬಹುದು. ಅದನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಎಂಬ ದಾಖಲೆ ಕಂಡು ಕೆಲವರು ಗಾಬರಿಯಾಗುತ್ತಾರೆ. ಯಂತ್ರ ಕ್ರಮಬದ್ಧವಾಗಿ ಮುಚ್ಚದೆ ನಿಂತಿತು ಎಂಬುದಷ್ಟೇ ಅದರ ಅರ್ಥ. ಕಾರಣ ಅದರಲ್ಲಿ ಇರುವುದಿಲ್ಲ.

ಪ್ರೊಸೆಸರ್‌ನದೇ ದೋಷವಿದ್ದರೆ

ಕೆಲವೊಮ್ಮೆ ತಪ್ಪು ತಯಾರಕರದೇ ಆಗಿರುತ್ತದೆ. ಇಂಟೆಲ್ ಕಂಪನಿಯ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಹಾಳಾಗುತ್ತಿದ್ದುದನ್ನು 2024ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಆಟ ತೆರೆಯುವಾಗ ಗ್ರಾಫಿಕ್ಸ್ ಮೆಮೊರಿ ಸಾಲದು ಎಂಬ ಸುಳ್ಳು ಸಂದೇಶ ಬರುವುದು ಅದರ ಒಂದು ಲಕ್ಷಣವಾಗಿತ್ತು. ಕಂಪನಿ ಬಯೋಸ್ ಮೂಲಕ ಪರಿಹಾರ ನೀಡಿತು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಈಗಾಗಲೇ ಹಾಳಾದ ಪ್ರೊಸೆಸರ್ ಬಯೋಸ್‌ನಿಂದ ಸರಿಯಾಗದು, ಬದಲಿ ಕೇಳಬೇಕು. ಆದುದರಿಂದ ಬಿಲ್ ಜೋಪಾನ.

ಅಂಗಡಿಗೆ ಹೋಗುವುದಾದರೆ

ಕೋಣನಕುಂಟೆಯವರಿಗೆ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯೆಂದರೆ ಎಸ್.ಪಿ. ರಸ್ತೆ, ಅಂದರೆ ಸಾದರ್ ಪತ್ರಪ್ಪ ರಸ್ತೆ. 2021ರ ಜನವರಿಯಲ್ಲಿ ಆರಂಭವಾದ ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ರೈಲು ಬದಲಿಸದೆ ಚಿಕ್ಕಪೇಟೆಗೆ ಹೋಗಿ ಅಲ್ಲಿಂದ ತಲುಪಬಹುದು. ಹೋಗುವ ಮುನ್ನ ಮೇಲಿನ ಪರೀಕ್ಷೆಗಳ ಫಲಿತಾಂಶವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಕಂಪ್ಯೂಟರ್ ಕೆಟ್ಟಿದೆ" ಎನ್ನುವ ಬದಲು "ನೇರ ಪ್ಲಗ್ಗಿನಲ್ಲೂ ಆಫ್ ಆಗುತ್ತದೆ, ಬಿಸಿ ಇಲ್ಲ, ರ‍್ಯಾಮ್ ಸರಿಯಿದೆ" ಎಂದರೆ ಅನಗತ್ಯ ಖರ್ಚು ತಪ್ಪುತ್ತದೆ.

ಚರ್ಚ್ ಕಚೇರಿಗಳಲ್ಲಿ ಸೇವೆ ಸಲ್ಲಿಸುವವರಿಗೂ ಒಂದು ಮಾತು. ಜ್ಞಾನಸ್ನಾನ, ವಿವಾಹದ ದಾಖಲೆಗಳಿರುವ ಕಂಪ್ಯೂಟರ್‌ನಲ್ಲಿ ಯಾವ ಆಟವನ್ನೂ ಹಾಕಬೇಡಿ. ಯುವಜನರಿಗೆ ಬೇಕಿದ್ದರೆ ಬೇರೆ ಯಂತ್ರವಿರಲಿ.

ವಿಡಿಯೊ ಗೇಮ್ ಎಂದೊಡನೆ ಹಿರಿಯರಿಗೆ ಆತಂಕವಾಗುವುದು ಸಹಜ. 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಪೋಪ್ 16ನೇ ಬೆನೆಡಿಕ್ಟರು ಹಿಂಸೆಯನ್ನು ವೈಭವೀಕರಿಸುವ ಆಟಗಳ ಬಗ್ಗೆ ಎಚ್ಚರಿಸಿದ್ದರು. ಕಂಪ್ಯೂಟರ್ ಪ್ರೇಮಿಯಾಗಿದ್ದ ಕಾರ್ಲೊ ಅಕ್ಯುಟಿಸ್ ಆಟಕ್ಕೆ ವಾರದಲ್ಲಿ ಒಂದೇ ಗಂಟೆಯ ಮಿತಿ ಹಾಕಿಕೊಂಡಿದ್ದರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. 2025ರ ಸೆಪ್ಟೆಂಬರ್ 7ರಂದು ಅವರು ಸಂತರೆಂದು ಘೋಷಿತರಾದರು. ಯಾವ ಆಟ, ಎಷ್ಟು ಹೊತ್ತು ಎಂಬುದನ್ನು ಮಕ್ಕಳೊಂದಿಗೆ ಕುಳಿತು ಖಂಡಿತ ಮಾತನಾಡಿ. ಆದರೆ ಆ ಮಾತು ಬೇರೆ, ಯಂತ್ರದ ದೋಷ ಬೇರೆ. ಧೂಳು ಹಿಡಿದ ಫ್ಯಾನ್‌ಗೆ ಮಗುವನ್ನು ಹೊಣೆ ಮಾಡದೆ, ಅದನ್ನು ಇಬ್ಬರೂ ಸೇರಿ ಬಿಚ್ಚಿ ಸ್ವಚ್ಛಗೊಳಿಸಿದರೆ ಕಂಪ್ಯೂಟರೂ ಸರಿಹೋಗುತ್ತದೆ, ಆ ಮಾತಿಗೂ ದಾರಿ ತೆರೆಯುತ್ತದೆ.