ಸಾವಿರದಲ್ಲೊಂದು ತೂಕ, ಹತ್ತು ಪಟ್ಟು ಚುರುಕು

ಹುಮನಾಬಾದ್ ದಾಟಿ ಹೈದರಾಬಾದ್ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 65, ಅಂದರೆ ಹಳೆಯ 9ನೇ ನಂಬರಿನ ರಸ್ತೆ, ಮನ್ನಾಏಖೇಳ್ಳಿಯನ್ನು ಹಾದುಹೋಗುತ್ತದೆ. ಅಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರೊಂದನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಹತ್ತರಲ್ಲೊಂದು ಪಾಲಿಗೆ ಇಳಿಸಿ. ವೇಗ ಮಾತ್ರ ಹಾಗೇ ಇರಲಿ. ರಿಮೋಟ್ ರೇಸಿಂಗ್ ಕಾರು ಎಂದರೆ ಇದೇ.

ತೂಕ ಆಗ ಸಾವಿರದಲ್ಲೊಂದು ಪಾಲು. 1,350 ಕಿಲೋ ಇದ್ದದ್ದು 1,350 ಗ್ರಾಂ. ರೇಸಿಗಿಳಿಯುವ 1:10 ಕಾರುಗಳು ತೂಗುವುದೂ ಹೆಚ್ಚುಕಡಿಮೆ ಇಷ್ಟೇ. ನನ್ನನ್ನು ಬೆರಗುಗೊಳಿಸಿದ್ದು ಮುಂದಿನ ಲೆಕ್ಕ. ತಿರುಗಲು ಒಪ್ಪದ ಜಡತೆ ತೂಕದ ಜೊತೆಗೆ ಉದ್ದದ ವರ್ಗವನ್ನೂ ಅವಲಂಬಿಸಿದೆ. ಅದು ಲಕ್ಷದಲ್ಲೊಂದು ಪಾಲಿಗೆ ಕುಸಿಯುತ್ತದೆ. ತಿರುಗಿಸುವ ಬಲ ಅಷ್ಟು ಕುಸಿಯುವುದಿಲ್ಲ: ಟೈರಿನ ಹಿಡಿತ ಸಾವಿರದಲ್ಲೊಂದು, ಕಾರಿನ ನಡುವಿನಿಂದ ಅದು ತಳ್ಳುವ ಅಂತರ ಹತ್ತರಲ್ಲೊಂದು, ಒಟ್ಟು ಹತ್ತು ಸಾವಿರದಲ್ಲೊಂದು. ಹೀಗಾಗಿ ಪುಟ್ಟ ಕಾರಿನ ಮೂತಿ ಹತ್ತು ಪಟ್ಟು ಚುರುಕಾಗಿ ಹೊರಳುತ್ತದೆ. ಓಡಿಸುವವರ ನರಗಳು ಮಾತ್ರ ಹಳೆಯವೇ. ಕಣ್ಣು ಕಂಡದ್ದಕ್ಕೆ ಬೆರಳು ಅಲುಗಲು 0.2 ಸೆಕೆಂಡ್ ಬೇಕು, ಅಷ್ಟರಲ್ಲಿ ಕಾರು 3.3 ಮೀಟರ್ ಆಚೆ. ದೊಡ್ಡ ಕಾರಿಗೆ ಅದು ಒಂದು ಮೈಯುದ್ದವೂ ಅಲ್ಲ. ಇದಕ್ಕೆ ಎಂಟು ಮೈಯುದ್ದ!

ಸೆಟಪ್ ಮಾಡುವುದು, ಅಂದರೆ ಚಕ್ರದ ಕೋನ, ನೆಲದ ಸಂದು, ಎಣ್ಣೆ ಹೊಂದಿಸುವುದು, ಈ ಚುರುಕನ್ನು ಪಳಗಿಸಲಿಕ್ಕೆ. ಹಿಂದಿನ ಚಕ್ರಗಳೆರಡನ್ನೂ ಸುಮಾರು 3 ಡಿಗ್ರಿ ಒಳಮುಖವಾಗಿ ಕೂರಿಸುತ್ತಾರೆ. ಅಂಥ ಚಕ್ರವೊಂದನ್ನು ಒಂಟಿಯಾಗಿ ಬಿಟ್ಟರೆ ಒಂದು ಕಿಲೋಮೀಟರಿಗೆ 52 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಎರಡೂ ಎದುರುಬದುರು ತಳ್ಳುವುದರಿಂದಲೇ ಹಿಂಭಾಗ ಜಾರದೆ ನಿಲ್ಲುತ್ತದೆ. ಚಾಸಿಗೂ ನೆಲಕ್ಕೂ ನಡುವೆ ಬಿಡುವ ಸಂದು 5 ಮಿ.ಮೀ. ಆಸುಪಾಸು, ಅರ್ಧ ಮಿ.ಮೀ. ಏರಿಳಿದರೂ ತಿರುವಿನಲ್ಲಿ ಗೊತ್ತಾಗುತ್ತದೆ. ರಸ್ತೆಯ ಜಲ್ಲಿ ಕುಗ್ಗಿಲ್ಲವಲ್ಲ, ಒಂದು ಸೆಂ.ಮೀ. ಹರಳು ಈ ಕಾರಿಗೆ ಹತ್ತು ಸೆಂ.ಮೀ. ಕಲ್ಲು.

ಎಣ್ಣೆಯದು ಇನ್ನೊಂದು ಲೋಕ. ನೀರಿನ ಮಂದತೆ 1 ಸೆಂಟಿಸ್ಟೋಕ್. ಕುಲುಕು ತಡೆಯುವ ಶಾಕ್‌ಗೆ ಹಾಕುವ ಸಿಲಿಕೋನ್ ಎಣ್ಣೆ ಕೆಲವು ನೂರು, ಎಡಬಲ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್‌ಗೆ ಸಾವಿರದಿಂದ ಹತ್ತು ಲಕ್ಷದವರೆಗೂ ಸಿಗುತ್ತದೆ. ಬೀದರ್ ಸೀಮೆಯ ಮೇ ಬಿಸಿಲಿಗೆ ಡಾಂಬರು 50 ಡಿಗ್ರಿ ಮುಟ್ಟಿ ಶಾಕ್ ಕೂಡ ಅಷ್ಟೇ ಕಾದರೆ, ಎಣ್ಣೆಯ ಮಂದತೆ ಸುಮಾರು ಮೂರರಲ್ಲೊಂದು ಪಾಲು ಇಳಿಯುತ್ತದೆ. ಬೆಳಗಿನ ಸೆಟಪ್ ಮಧ್ಯಾಹ್ನಕ್ಕೆ ನಡೆಯದು.

2014ರಲ್ಲಿ ಅಮೆರಿಕದ ನಿಕ್ ಕೇಸ್ ಅವರ ರಿಮೋಟ್ ಬ್ಯಾಟರಿ ಕಾರು ಗಂಟೆಗೆ 325 ಕಿ.ಮೀ. ಮುಟ್ಟಿತು. ಸೆಕೆಂಡಿಗೆ 90 ಮೀಟರ್. ಆ ವೇಗದಲ್ಲಿ ಬೆರಳು ಅಲುಗುವ ಮುಂಚೆ 18 ಮೀಟರ್ ಕಳೆದಿರುತ್ತದೆ; ಅಷ್ಟು ದೂರ ಕಾರು ಹೊರಡುವ ಮೊದಲು ಕೂರಿಸಿದ ಕೋನಗಳನ್ನೇ ನಂಬಿ ಓಡಬೇಕು.