ಒಂದೇ ಚಿಟ್ಟೆಗೆ ಎರಡು ಅಂಗಿ

ಕಳೆದ ಜುಲೈಯಲ್ಲಿ ನಮ್ಮ ಮನೆಯ ಜಗಲಿ ದೀಪಕ್ಕೆ ಬಂದ ಕಂದು ಚಿಟ್ಟೆಯ ಫೋಟೋ ತೆಗೆದಿದ್ದೆ. ಮಡಚಿದ ರೆಕ್ಕೆಯ ಮೇಲೆ ಸಾಲಾಗಿ ಕಣ್ಣಿನಂಥ ಚುಕ್ಕೆಗಳಿದ್ದವು. ಜನವರಿಯಲ್ಲಿ ಅದೇ ಜಗಲಿಯಲ್ಲಿ ಇನ್ನೊಂದು ಕೂತಿತ್ತು. ಅದಕ್ಕೆ ಕಣ್ಣೇ ಇಲ್ಲ, ಥೇಟ್ ತರಗೆಲೆ. ಉಮ್ಮ ಕಸವೆಂದು ಪೊರಕೆ ತಂದಿದ್ದರು! ಪ್ರಾಜೆಕ್ಟ್ ಪುಸ್ತಕದಲ್ಲಿ ನಾನು ಇವೆರಡನ್ನೂ ಬೇರೆ ಬೇರೆ ಜಾತಿಯೆಂದು ಅಂಟಿಸಿದೆ. ಜೀವಶಾಸ್ತ್ರದ ಮೇಡಂ ಕೆಂಪು ಶಾಯಿಯಲ್ಲಿ 'ಎರಡೂ ಒಂದೇ' ಎಂದು ಬರೆದು ಎರಡು ಅಂಕ ಕಳೆದರು. ಎರಡೂ ಕಾಮನ್ ಈವ್ನಿಂಗ್ ಬ್ರೌನ್. ಒಂದು ಮಳೆಗಾಲದ ರೂಪ, ಇನ್ನೊಂದು ಒಣಹವೆಯದು. ಹೋದ ಅಂಕಗಳ ಸಿಟ್ಟಿನಲ್ಲೇ ನಾನು ಓದಲು ಕೂತದ್ದು.

ಚಿಟ್ಟೆ ಮುಟ್ಟಿದರೆ ಬೆರಳಿಗೆ ಅಂಟುವ ಪುಡಿ ಅಸಲಿಗೆ ಹುರುಪೆಗಳು. ಒಂದೊಂದು ಹುರುಪೆಯೂ ಒಂದೇ ಜೀವಕೋಶದಿಂದ ಬೆಳೆದದ್ದು, ಸಾಮಾನ್ಯವಾಗಿ ಒಂದೇ ಬಣ್ಣದ್ದು. ಹೆಂಚಿನಂತೆ ಜೋಡಿಸಿದ ಇವೇ ದೂರದಿಂದ ಚಿತ್ತಾರವಾಗಿ ಕಾಣುತ್ತವೆ. ಹಾಗಾದರೆ ಯಾವ ಕೋಶ ಕಪ್ಪಾಗಬೇಕು, ಯಾವುದು ಹಳದಿಯಾಗಬೇಕು ಎಂದು ಹೇಳುವವರು ಯಾರು?

1980ರಲ್ಲಿ ಫ್ರೆಡ್ ನೈಹೌಟ್ ಎಂಬ ವಿಜ್ಞಾನಿ ಅಮೆರಿಕದ ಬಕ್‌ಐ ಚಿಟ್ಟೆಯಲ್ಲಿ ಇದನ್ನು ಪರೀಕ್ಷಿಸಿದರು. ಆಗಷ್ಟೇ ಕೋಶಾವಸ್ಥೆಗೆ ಬಂದ ಪ್ಯೂಪಾದ ರೆಕ್ಕೆಯಲ್ಲಿ, ಕಣ್ಣುಚುಕ್ಕೆಯ ನಡುಭಾಗವಾಗಬೇಕಿದ್ದ ಕೆಲವು ಕೋಶಗಳನ್ನು ಸುಟ್ಟರು. ಚುಕ್ಕೆ ಮೂಡಲಿಲ್ಲ. ಅದೇ ಕೋಶಗಳನ್ನು ಕಿತ್ತು ಬೇರೆ ಕಡೆ ಕಸಿ ಮಾಡಿದಾಗ, ಚುಕ್ಕೆ ಇರಬಾರದ ಜಾಗದಲ್ಲಿ ಚುಕ್ಕೆ ಬಂತು! ಅಂದರೆ ನಡುವಿನ ಕೋಶಗಳು ಸುತ್ತಲಿನವಕ್ಕೆ ಸಂಕೇತ ಕಳಿಸುತ್ತವೆ. ಹತ್ತಿರದವು ಒಂದು ಬಣ್ಣ ತಳೆದರೆ ದೂರದವು ಇನ್ನೊಂದು, ಹಾಗಾಗಿ ಉಂಗುರಗಳು. 1994ರಲ್ಲಿ ಶಾನ್ ಕ್ಯಾರಲ್ ಅವರ ತಂಡ ಆ ನಡುಬಿಂದುವಿನಲ್ಲಿ ಡಿಸ್ಟಲ್‌ಲೆಸ್ ಎಂಬ ಜೀನ್ ಚುರುಕಾಗಿರುವುದನ್ನು ಕಂಡಿತು. ಕೀಟಗಳ ಕಾಲು ಬೆಳೆಸುವ ಜೀನ್ ಇದು. ಕಾಲು ಮಾಡುವ ಹಳೆಯ ಉಪಕರಣದಿಂದಲೇ ಚಿಟ್ಟೆ ಕಣ್ಣನ್ನೂ ಬರೆಯುತ್ತಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಇನ್ನು ಋತುವಿನ ವಿಷಯ. ನಮ್ಮ ಚಿಟ್ಟೆಯ ಆಫ್ರಿಕನ್ ನೆಂಟ ಬೈಸಿಕ್ಲಸ್ ಅನಿನಾನ. ಇದರ ಮರಿಗಳನ್ನು 27 ಡಿಗ್ರಿಯಲ್ಲಿ ಸಾಕಿದರೆ ದೊಡ್ಡ ಕಣ್ಣುಚುಕ್ಕೆ, 17 ಡಿಗ್ರಿಯಲ್ಲಿ ಸಾಕಿದರೆ ತೀರಾ ಸಣ್ಣವು. ಅದರ ನಾಡಿನಲ್ಲಿ ಸೆಕೆಯೆಂದರೆ ಮಳೆಗಾಲ, ತಂಪೆಂದರೆ ಒಣಗಾಲ. ಬೆಚ್ಚಗಿದ್ದಾಗ ಎಕ್ಡೈಸೋನ್ ಹಾರ್ಮೋನು ಪ್ಯೂಪಾದಲ್ಲಿ ಬೇಗ ಏರುತ್ತದೆ, ಚುಕ್ಕೆ ಹಿಗ್ಗುತ್ತದೆ. ಹಸಿರು ಹುಲ್ಲಿನಲ್ಲಿ ಚುಕ್ಕೆಗಳು ವೈರಿಯ ಕೊಕ್ಕನ್ನು ಮೈಯಿಂದ ರೆಕ್ಕೆಯಂಚಿಗೆ ಸೆಳೆಯುತ್ತವೆ. ತರಗೆಲೆಗಳ ನಡುವೆ ಅವಿತು ಕೂರುವುದೇ ಲೇಸು.

ಈ ಸಲ ಹುಳುಗಳನ್ನೇ ಸಾಕಿ ನೋಡಬೇಕೆಂದಿದ್ದೇನೆ. ಹುಲ್ಲಿನಲ್ಲೋ ಭತ್ತದ ಎಲೆಯಲ್ಲೋ ತಲೆಗೆ ಎರಡು ಕೊಂಬಿರುವ ಹಸಿರು ಹುಳು ಕಂಡರೆ ದಯವಿಟ್ಟು ಎಲೆಯ ಸಮೇತ ತಂದುಕೊಡಿ. ಬೆಂಕಿಪೊಟ್ಟಣದಲ್ಲಿ ಮಾತ್ರ ಬೇಡ.