ಯಂತ್ರ ಬರೆಯುವ ದಿನಚರಿ



1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್-2 ಗಣಕಯಂತ್ರ ಸರಿಯಾಗಿ ಕೆಲಸ ಮಾಡಲಿಲ್ಲ. ಹುಡುಕಿದಾಗ ರಿಲೇ ಒಂದರಲ್ಲಿ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ವೇಳೆಯನ್ನೂ ರಿಲೇಯ ಸಂಖ್ಯೆಯನ್ನೂ ಬರೆದಿಟ್ಟರು. ಯಾವಾಗ, ಎಲ್ಲಿ, ಏನಾಯಿತು ಎಂಬುದನ್ನು ಇಂದು ಯಂತ್ರವೇ ಬರೆದುಕೊಳ್ಳುತ್ತದೆ. ಅದನ್ನೇ ‘ಲಾಗ್’ ಎನ್ನುತ್ತೇವೆ.

ಅನೇಕ ಗಣಕಗಳಿಗೆ ಮಾಹಿತಿ ಒದಗಿಸುವ ಗಣಕವೇ ಸರ್ವರ್. ಪರೀಕ್ಷಾ ಫಲಿತಾಂಶ, ರೈಲು ಟಿಕೆಟ್, ಬ್ಯಾಂಕ್ ಲೆಕ್ಕ ಎಲ್ಲವೂ ಅದರಲ್ಲಿರುತ್ತವೆ. ಅದು ಕೆಟ್ಟಾಗ ಊಹೆಯಿಂದ ಬಿಡಿಭಾಗ ಬದಲಿಸಿದರೆ ಹಣವೂ ಹೊತ್ತೂ ವ್ಯರ್ಥ. ಮೊದಲು ಲಾಗ್ ಓದಬೇಕು.

ಓದುವುದು ಹೇಗೆ? ‘ಬಿಸಿ ಹೆಚ್ಚಾಗಿ ಯಂತ್ರ ನಿಂತಿತು’ ಎಂದು ಕೊನೆಯ ಸಾಲು ಹೇಳುತ್ತದೆ ಎನ್ನಿ. ಅಷ್ಟನ್ನೇ ಓದಿದವರು ಪ್ರೊಸೆಸರ್ ಬದಲಿಸಲು ಹೊರಡುತ್ತಾರೆ. ಹತ್ತು ನಿಮಿಷ ಹಿಂದಿನ ಸಾಲಿನಲ್ಲಿ ‘ಫ್ಯಾನಿನ ವೇಗ ಕುಸಿದಿದೆ’ ಎಂದಿರಬಹುದು. ರೋಗ ಇರುವುದು ಫ್ಯಾನಿನಲ್ಲಿ. ಆದ್ದರಿಂದ ತೊಂದರೆಯ ಮೊದಲ ಸಾಲನ್ನು ಹುಡುಕಬೇಕು.

ಮೆಮೊರಿಯ ವಿಷಯ ಇನ್ನೂ ಸ್ವಾರಸ್ಯಕರ. ಸರ್ವರ್‌ನ ಇಸಿಸಿ ಮೆಮೊರಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತದೆ. ಎರಡು ಬಿಟ್ ತಪ್ಪಿದರೆ ಸಾಮಾನ್ಯವಾಗಿ ಪತ್ತೆ ಮಾತ್ರ ಮಾಡುತ್ತದೆ. ತಿದ್ದಿದ ತಪ್ಪು ಬಳಸುವವರಿಗೆ ಕಾಣದು, ಲಾಗ್‌ನಲ್ಲಿ ಕಾಣುತ್ತದೆ. ಎಂದೋ ಒಮ್ಮೆ ಕಂಡರೆ ಚಿಂತೆಯಿಲ್ಲ. ಒಂದೇ ಸ್ಲಾಟ್‌ನ ಹೆಸರು ಮತ್ತೆ ಮತ್ತೆ ಬಂದರೆ ಯಂತ್ರ ಆರಿಸಿ, ಆ ಮೆಮೊರಿ ಪಟ್ಟಿಯನ್ನು ಬೇರೆ ಸ್ಲಾಟ್‌ಗೆ ಹಾಕಿ ನೋಡಬೇಕು. ದೋಷ ಪಟ್ಟಿಯ ಜೊತೆಗೇ ಹೋದರೆ ಪಟ್ಟಿ ಕೆಟ್ಟಿದೆ. ಹಳೆಯ ಸ್ಲಾಟ್‌ನಲ್ಲೇ ಉಳಿದರೆ ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು.

ಹಾರ್ಡ್ ಡಿಸ್ಕ್ ಕೂಡ ‘ಸ್ಮಾರ್ಟ್’ ಎಂಬ ವ್ಯವಸ್ಥೆಯ ಮೂಲಕ ತನ್ನ ಆರೋಗ್ಯದ ಲೆಕ್ಕ ಇಡುತ್ತದೆ. 2007ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ 60 ದಿನಗಳೊಳಗೆ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ! ಲಾಗ್ ಮೌನವಾಗಿದೆ ಎಂದು ಪ್ರತಿ ತೆಗೆದಿಡುವುದನ್ನು ಬಿಡಬಾರದು.

ಕರೆಂಟ್ ಥಟ್ಟನೆ ಹೋದರೆ ಲಾಗ್ ಬರೆಯಲೂ ಸಮಯವಿರದು. ಅದಕ್ಕಾಗಿಯೇ ಅನೇಕ ಸರ್ವರ್‌ಗಳಲ್ಲಿ ಬಿಎಂಸಿ ಎಂಬ ಪುಟ್ಟ ನಿಯಂತ್ರಕ ಬೇರೆಯೇ ದಿನಚರಿ ಬರೆಯುತ್ತಿರುತ್ತದೆ. ಮುಖ್ಯ ಯಂತ್ರ ನಿಂತ ಮೇಲೂ ಅದನ್ನು ಓದಬಹುದು. ಎರಡೂ ದಿನಚರಿಗಳ ಗಡಿಯಾರ ಒಂದೇ ವೇಳೆ ತೋರಿಸುತ್ತಿದ್ದರೆ ಮಾತ್ರ ಹೋಲಿಕೆ ಸಾಧ್ಯ.

ನಿಮ್ಮ ಕಾಲೇಜಿನ ವಿಂಡೋಸ್ ಗಣಕದಲ್ಲಿ ‘ಈವೆಂಟ್ ವ್ಯೂಯರ್’ ತೆರೆದು, ‘ಸಿಸ್ಟಂ’ ಭಾಗವನ್ನು ಅಧ್ಯಾಪಕರೊಡನೆ ಓದಿ ನೋಡಿ. ಯಂತ್ರ ನೆಟ್ಟಗಿರುವಾಗ ಏನು ಬರೆಯುತ್ತದೆಂದು ತಿಳಿದವರಿಗೇ ಅದು ಕೆಟ್ಟಾಗ ಬರೆದದ್ದು ಅರ್ಥವಾಗುತ್ತದೆ.